ನೂರಕ್ಕೆ ನೂರಮೂವತ್ತಾರು

ನೂರು ಅಂಕದ ಉತ್ತರಪತ್ರಿಕೆಯ ಮೇಲೆ ನೂರಮೂವತ್ತಾರು ಎಂದು ಬರೆದಿದ್ದರೆ ಯಾವ ಉಪಾಧ್ಯಾಯಿನಿಯೂ ಹುಡುಗನ ಬೆನ್ನು ತಟ್ಟುವುದಿಲ್ಲ. ಕೂಡಿದ್ದು ಎಲ್ಲಿ ತಪ್ಪಿದೆ ಎಂದು ಪುಟ ತಿರುವಿ ನೋಡುತ್ತಾಳೆ. ಇಷ್ಟು ತಿಳಿಯುವುದಕ್ಕೆ ಬಿ.ಎ., ಬಿ.ಎಡ್. ಕೂಡ ಬೇಕಾಗಿಲ್ಲ. ಆದರೆ ಹೆಂಗಸಿನ ಮೈತೂಕದ ಲೆಕ್ಕಕ್ಕೆ ಬಂದ ಕೂಡಲೇ ಓದಿದವರು, ಓದದವರು, ಹೆಸರಿನ ಮುಂದೆ ಮಾರುದ್ದ ಪದವಿ ಬರೆದುಕೊಂಡ ವೈದ್ಯರು, ಎಲ್ಲರೂ ಈ ಸಾಮಾನ್ಯ ವಿವೇಕವನ್ನು ಚಪ್ಪಲಿಯ ಜೊತೆ ಹೊಸ್ತಿಲಾಚೆ ಬಿಟ್ಟು ಒಳಗೆ ಬರುತ್ತಾರೆ. ಇಳಿದಷ್ಟೂ ಲಾಭ ಎಂಬುದೊಂದೇ ಅವರಿಗೆ ಗೊತ್ತಿರುವ ಗಣಿತ. ಇಳಿಯುವುದಕ್ಕೂ ಒಂದು ತಳ ಉಂಟು, ಆ ತಳ ದಾಟಿದ ಮೇಲೆ ಅದು ಗೆಲುವಲ್ಲ, ಕಾಯಿಲೆ. ಇದನ್ನು ಹೇಳುವುದಕ್ಕೇ ಈ ಲೇಖನ ಬರೆಯುತ್ತಿದ್ದೇನೆ. ಊಹೆಯಿಂದ ಬರೆಯುತ್ತಿಲ್ಲ. ಆ ನೂರಮೂವತ್ತಾರು ನನ್ನದೇ ಅಂಕ.

2021ರ ನವೆಂಬರಿನಲ್ಲಿ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ನನಗೆ ಗ್ಯಾಸ್ಟ್ರಿಕ್ ಬೈಪಾಸ್ ಶಸ್ತ್ರಚಿಕಿತ್ಸೆ ಆಯಿತು. ಆಗ ನನ್ನ ವಯಸ್ಸು 51, ಎತ್ತರ 155 ಸೆಂಟಿಮೀಟರ್, ತೂಕ 104 ಕಿಲೋ. ಒಂಬತ್ತು ವರ್ಷದ ಸಕ್ಕರೆ ಕಾಯಿಲೆ, ದಿನಕ್ಕೆರಡು ಸಲ ಇನ್ಸುಲಿನ್, ಮೆಟ್ಟಿಲು ಕಂಡರೆ ಮುಷ್ಕರ ಹೂಡುವ ಮಂಡಿಗಳು, ರಾತ್ರಿ ನಿದ್ದೆಯಲ್ಲಿ ಕಟ್ಟುವ ಉಸಿರು. "ಬಾಯಿ ಕಟ್ಟಿದ್ದರೆ ಸಾಕಿತ್ತು, ಹೊಟ್ಟೆ ಕೊಯ್ಸಿಕೊಳ್ಳಬೇಕಿತ್ತೇ?" ಎಂದು ಕೇಳುವವರಿಗೆ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. ಹದಿನೈದು ವರ್ಷ ಬಾಯಿ ಕಟ್ಟಿದ್ದೆ. ಅನ್ನ ಬಿಟ್ಟು ನೋಡಿದೆ, ರಾತ್ರಿಯೂಟ ಬಿಟ್ಟು ನೋಡಿದೆ, ಬೆಳಿಗ್ಗೆ ಐದಕ್ಕೆದ್ದು ನಡೆದೂ ನೋಡಿದೆ. ಎಂಟು ಕಿಲೋ ಇಳಿದರೆ ಹತ್ತು ಕಿಲೋ ಬಡ್ಡಿ ಸಮೇತ ಮರಳಿ ಬರುತ್ತಿತ್ತು. ಬೊಜ್ಜು ಸೋಮಾರಿತನದ ಫಲವಲ್ಲ. ಇಳಿದ ತೂಕವನ್ನು ಮರಳಿ ಪಡೆಯಲು ಮೈ ತನ್ನ ಹಸಿವನ್ನೇ ಹೆಚ್ಚಿಸಿಕೊಳ್ಳುತ್ತದೆ ಎಂಬುದನ್ನು ವೈದ್ಯಶಾಸ್ತ್ರ ಎಂದೋ ಒಪ್ಪಿದೆ. ಸ್ವೀಡನ್ನಿನಲ್ಲಿ 1987ರಲ್ಲಿ ಆರಂಭವಾದ ಒಂದು ದೊಡ್ಡ ಅಧ್ಯಯನದ ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಸಾವಿನ ಪ್ರಮಾಣ ಕಡಿಮೆಯೆಂದು ಅದು ತೋರಿಸಿತು. ನನ್ನ ಇನ್ಸುಲಿನ್ ಎರಡನೆಯ ವಾರಕ್ಕೇ ನಿಂತಿತು. ಆದ್ದರಿಂದ ನನ್ನ ಜಗಳ ಈ ಶಸ್ತ್ರಚಿಕಿತ್ಸೆಯ ಮೇಲಲ್ಲ. ಅದನ್ನು ಮಾಡಿ ಕೈತೊಳೆದುಕೊಳ್ಳುವವರ ಮೇಲೆ, ಆಮೇಲೆ ಚಪ್ಪಾಳೆ ತಟ್ಟುವವರ ಮೇಲೆ.

ಈ ಚಿಕಿತ್ಸೆ ಏನೆಂದು ತಿಳಿಯದವರಿಗೆ ಎರಡು ಮಾತು. ಲೀಟರಿನಷ್ಟು ಹಿಡಿಸುವ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಸುವ ಒಂದು ಪುಟ್ಟ ಚೀಲವನ್ನು ಬೇರ್ಪಡಿಸುತ್ತಾರೆ. ಅಂದರೆ ಎರಡು ದೊಡ್ಡ ಚಮಚದಷ್ಟು. ಸಣ್ಣ ಕರುಳನ್ನು ಕತ್ತರಿಸಿ ಅದರ ಕೆಳಭಾಗವನ್ನು ತಂದು ಆ ಚೀಲಕ್ಕೆ ಹೊಲಿಯುತ್ತಾರೆ. ತಿಂದದ್ದು ಉಳಿದ ಜಠರವನ್ನೂ ಕರುಳಿನ ಮೊದಲ ಭಾಗವನ್ನೂ ಬಳಸಿಕೊಂಡು ನೇರ ಕೆಳಗೆ ಹೋಗುತ್ತದೆ. ಊರ ಹೊರಗೆ ಬೈಪಾಸ್ ರಸ್ತೆ ಆದ ಹಾಗೆ. ಬೈಪಾಸ್ ಆದ ಮೇಲೆ ಊರೊಳಗಿನ ಅಂಗಡಿಗಳಿಗೆ ವ್ಯಾಪಾರ ಇಲ್ಲದಂತಾಗುತ್ತದಲ್ಲ, ಇಲ್ಲಿಯೂ ಹಾಗೆಯೇ. ಕಬ್ಬಿಣ, ಕ್ಯಾಲ್ಸಿಯಂಗಳನ್ನು ಹೆಚ್ಚಾಗಿ ಹೀರುವುದು ಆ ಮೊದಲ ಭಾಗವೇ. ಬಿ-12 ಜೀವಸತ್ವ ಮೈಗೆ ಹತ್ತಬೇಕಾದರೆ ಜಠರದ ರಸ ಬೇಕು. ಆದ್ದರಿಂದ ಬದುಕಿರುವವರೆಗೂ ಇವುಗಳ ಮಾತ್ರೆಯೋ ಚುಚ್ಚುಮದ್ದೋ ತಪ್ಪುವಂತಿಲ್ಲ, ವರ್ಷಕ್ಕೊಮ್ಮೆಯಾದರೂ ರಕ್ತಪರೀಕ್ಷೆ ತಪ್ಪುವಂತಿಲ್ಲ. ಇದು ಒಂದು ದಿನದ ಆಪರೇಷನ್ ಅಲ್ಲ, ಜೀವಮಾನದ ಸಂಸಾರ.

ಇನ್ನು ಅಂಕದ ವಿಷಯ. ನನ್ನ ಎತ್ತರದವರಿಗೆ 60 ಕಿಲೋ ಸರಿ ಎಂದು ಹಿಡಿದರೆ 104ರಲ್ಲಿ 44 ಕಿಲೋ 'ಹೆಚ್ಚುವರಿ'. ಶಸ್ತ್ರವೈದ್ಯರು ಇಳಿದ ತೂಕವನ್ನು ಈ ಹೆಚ್ಚುವರಿಯ ಶೇಕಡಾವಾರು ಲೆಕ್ಕದಲ್ಲಿ ಅಳೆಯುತ್ತಾರೆ. ಶೇಕಡಾ 60ರಿಂದ 80ರಷ್ಟು ಹೋದರೆ ಚಿಕಿತ್ಸೆ ಚೆನ್ನಾಗಿ ಆಗಿದೆ ಎಂದು ಅರ್ಥ. "ಒಂದೂವರೆ ವರ್ಷದಲ್ಲಿ 70 ಕಿಲೋ ಆಸುಪಾಸಿಗೆ ಬಂದು ನಿಲ್ಲುತ್ತೀರಿ" ಎಂದು ನನಗೆ ಹೇಳಿದ್ದರು. ಆರು ತಿಂಗಳಿಗೇ, 2022ರ ಮೇ ತಿಂಗಳಲ್ಲಿ, 72 ಆಯಿತು. ಅಲ್ಲಿಂದ ಮುಂದೆ ಇಳಿತ ನಿಧಾನವಾಗಬೇಕಿತ್ತು. ಆಗಲಿಲ್ಲ. ಆಗಸ್ಟಿಗೆ 58. ನವೆಂಬರಿಗೆ 44. ವರ್ಷದ ತಪಾಸಣೆಗೆಂದು ಹೋದಾಗ ಆಸ್ಪತ್ರೆಯ ಕಂಪ್ಯೂಟರು ಒಂದು ಹಾಳೆ ಮುದ್ರಿಸಿಕೊಟ್ಟಿತು. ಇಳಿದದ್ದು 60 ಕಿಲೋ. ಹೆಚ್ಚುವರಿಯ ಶೇಕಡಾ 136. ಪಕ್ಕದಲ್ಲಿ ಒಂದೇ ಒಂದು ಪದ: 'ಅತ್ಯುತ್ತಮ'. ನನ್ನ ಎತ್ತರದವರು 44 ಕಿಲೋ ಇದ್ದರೆ ಮೈತೂಕ ಸೂಚ್ಯಂಕ 18.5ಕ್ಕಿಂತ ಕೆಳಗಿಳಿದಿರುತ್ತದೆ. 18.5ಕ್ಕಿಂತ ಕೆಳಗೆ ಅಂದರೆ ಕೃಶತೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಗೆರೆ ಎಳೆದಿದೆ. ಆದರೆ ಆ ಹಾಳೆಯಲ್ಲಿ ಮೇಲಿನ ಗೆರೆ ಇತ್ತು, ಕೆಳಗಿನ ಗೆರೆ ಇರಲಿಲ್ಲ. ಯಂತ್ರಕ್ಕೆ ಬುದ್ಧಿಯಿಲ್ಲ, ಒಪ್ಪೋಣ. ಅದರ ಕೆಳಗೆ ಸಹಿ ಹಾಕಿದ ಕೈಗೆ?

ಆ ಆರು ತಿಂಗಳಲ್ಲಿ ನಡೆದದ್ದು ಇಷ್ಟು. ಮಂಡಿನೋವಿಗೆಂದು ನಮ್ಮೂರ ಕಡೆಯ ಒಬ್ಬ ಮೂಳೆ ವೈದ್ಯರ ಬಳಿ ಹೋಗಿದ್ದೆ. ಬೈಪಾಸ್ ಆಗಿರುವ ವಿಷಯ ಹೇಳಿದೆ. "ಒಳ್ಳೆಯದೇ ಆಯಿತಲ್ಲ" ಎಂದು ನಕ್ಕು ಎರಡು ತಿಂಗಳಿಗೆ ನೋವಿನ ಮಾತ್ರೆ ಬರೆದುಕೊಟ್ಟರು. ಈ ಶಸ್ತ್ರಚಿಕಿತ್ಸೆ ಆದವರು ಐಬುಪ್ರೊಫೇನ್, ಡೈಕ್ಲೊಫೆನಾಕ್ ಜಾತಿಯ ಮಾತ್ರೆಗಳಿಂದ ದೂರ ಇರಬೇಕು. ಚೀಲಕ್ಕೂ ಕರುಳಿಗೂ ಹೊಲಿಗೆ ಹಾಕಿದ ಜಾಗದಲ್ಲಿ ಹುಣ್ಣು ಏಳುತ್ತದೆ. ಇದು ಗುಟ್ಟಿನ ವಿದ್ಯೆಯೇನಲ್ಲ, ಪಠ್ಯಪುಸ್ತಕದ ಮಾತು. ಆದರೆ ನನ್ನ ಡಿಸ್ಚಾರ್ಜ್ ಕಾರ್ಡಿನ ನಾಲ್ಕು ಪುಟಗಳಲ್ಲಿ ಆ ಒಂದು ಸಾಲು ಇರಲಿಲ್ಲ. ಹುಣ್ಣು ಎದ್ದಿತು, ಮಾಗುತ್ತಾ ಗಾಯ ಬಿಗಿದು ದಾರಿ ಕಿರಿದಾಯಿತು. ಮೊದಲು ಚಪಾತಿ ಇಳಿಯದಾಯಿತು, ಆಮೇಲೆ ಇಡ್ಲಿ, ಆಮೇಲೆ ಗಂಜಿ. ತಿಂದದ್ದು ಕಾಲು ಗಂಟೆಯಲ್ಲಿ ವಾಪಸ್ಸು. ಆಸ್ಪತ್ರೆಗೆ ನಾಲ್ಕು ಸಲ ಫೋನು ಮಾಡಿದೆ. "ಚೆನ್ನಾಗಿ ಅಗಿಯಿರಿ ಮೇಡಂ, ನಿಧಾನ ತಿನ್ನಿ. ತೂಕ ಇಳೀತಿದೆಯಲ್ಲ, ಖುಷಿಪಡಿ" ಎಂಬುದೇ ನಾಲ್ಕು ಸಲವೂ ಬಂದ ಉತ್ತರ.

ಊರಿನ ಸಂಭ್ರಮವಂತೂ ಹೇಳತೀರದು. ಸ್ಟಾಫ್ ರೂಮಿನಲ್ಲಿ "ಮೇಡಂ, ಕಾಲೇಜು ಹುಡುಗಿ ತರ ಕಾಣ್ತೀರಿ." ಮದುವೆ ಮನೆಯಲ್ಲಿ "ಏನು ಮಾಡಿದ್ರಿ, ನಮಗೂ ಸ್ವಲ್ಪ ಹೇಳಿ." ಹಿಡಿ ಹಿಡಿ ಕೂದಲು ಉದುರುತ್ತಿತ್ತು, ಕರಿಹಲಗೆಯ ಮೇಲೆ ಒಂದು ಸಾಲು ಬರೆದರೆ ಕೈ ಸೋಲುತ್ತಿತ್ತು, ಅಂಗಾಲು ಜೋಮು ಹಿಡಿಯುತ್ತಿತ್ತು. ಇದನ್ನು ಬಾಯಿ ಬಿಟ್ಟು ಹೇಳಿದರೂ ಯಾರಿಗೂ ಕೇಳಿಸುತ್ತಿರಲಿಲ್ಲ. "ಅಷ್ಟು ಇಳಿಸಿದ ಮೇಲೆ ಸ್ವಲ್ಪ ಸುಸ್ತು ಇದ್ದೇ ಇರುತ್ತೆ ಬಿಡಿ" ಎನ್ನುತ್ತಿದ್ದರು. ಸರಿಯಾದ ಪ್ರಶ್ನೆ ಕೇಳಿದವರು ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವ ಅಡುಗೆಯವರು ಒಬ್ಬರೇ. "ಅಕ್ಕೋರೇ, ಯಾವುದಾದ್ರೂ ಹುಡುಗಿ ಹಿಂಗೆ ಸೊರಗಿದ್ರೆ ನೀವು ಸುಮ್ನಿರ್ತಿದ್ರಾ?" ದಿನವೂ ಯಾರ ತಟ್ಟೆಯಲ್ಲಿ ಎಷ್ಟು ಉಳಿಯಿತು ಎಂದು ನೋಡುವವರ ಕಣ್ಣು ಅದು. ತೂಕದ ಯಂತ್ರ ನೋಡುವ ಕಣ್ಣಲ್ಲ.

ಕೊನೆಗೆ ಶಿವಮೊಗ್ಗದಲ್ಲಿ ಹೊಟ್ಟೆಯ ಕಾಯಿಲೆಗಳ ತಜ್ಞರೊಬ್ಬರು ಎಂಡೋಸ್ಕೋಪಿ ಮಾಡಿ, ಹುಣ್ಣನ್ನೂ ಕಿರಿದಾದ ದಾರಿಯನ್ನೂ ಕಂಡುಹಿಡಿದರು. ಅವರು ಮಾಡಿದ ಮೊದಲ ಕೆಲಸ ಗ್ಲೂಕೋಸ್ ಏರಿಸುವುದಕ್ಕೂ ಮುಂಚೆ ಥಯಾಮಿನ್, ಅಂದರೆ ಬಿ-1 ಜೀವಸತ್ವದ ಚುಚ್ಚುಮದ್ದು ಕೊಟ್ಟದ್ದು. ವಾರಗಟ್ಟಲೆ ವಾಂತಿಯಾದರೆ ಮೈಯಲ್ಲಿನ ಬಿ-1 ಬರಿದಾಗುತ್ತದೆ. ಆ ಸ್ಥಿತಿಯಲ್ಲಿ ಬರೀ ಗ್ಲೂಕೋಸ್ ಏರಿಸಿದರೆ ಮೆದುಳಿಗೇ ಪೆಟ್ಟು ಬೀಳಬಹುದು. ಕಣ್ಣು ಓಲಾಡಿ, ನಡಿಗೆ ತಪ್ಪಿ, ನೆನಪು ಹೋದವರಿದ್ದಾರೆ. ವಾಂತಿ ಎಂದು ಬಂದ ಹೆಂಗಸಿಗೆ ಕಣ್ಣು ಮುಚ್ಚಿ ಒಂದು ಬಾಟಲಿ ಗ್ಲೂಕೋಸ್ ಏರಿಸಿ ಕಳಿಸುವ ನಮ್ಮ ಊರುಗಳಲ್ಲಿ ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಮೂರು ಸಲ ಬಲೂನು ಹಾಕಿ ದಾರಿ ಹಿಗ್ಗಿಸಿದರು. ಇಂದು ನನ್ನ ತೂಕ 56 ಕಿಲೋ. "ಅಯ್ಯೋ, ಮತ್ತೆ ದಪ್ಪ ಆಗ್ತಿದ್ದೀರಲ್ಲ ಮೇಡಂ" ಎನ್ನುವವರೂ ಆಗಲೇ ಹುಟ್ಟಿಕೊಂಡಿದ್ದಾರೆ.

ಇಷ್ಟು ಹೇಳಿದ್ದು ಅನುಕಂಪಕ್ಕಾಗಿ ಅಲ್ಲ, ಸಾಕ್ಷಿಗಾಗಿ. ನಿರೀಕ್ಷೆ ಮೀರಿ ತೂಕ ಇಳಿಯುವುದು ವೈದ್ಯರಿಗೆ ಅನಿರೀಕ್ಷಿತ ಸಂಗತಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಈ ಚಿಕಿತ್ಸೆ ಹುಟ್ಟಿದ್ದೇ ಅದರಿಂದ. ಹಿಂದೆ ಹುಣ್ಣಿನ ಕಾಯಿಲೆಗೆಂದು ಜಠರದ ಭಾಗವನ್ನು ಕತ್ತರಿಸುತ್ತಿದ್ದರು. ಹಾಗೆ ಕತ್ತರಿಸಿಕೊಂಡವರು ಸೊರಗುತ್ತಿದ್ದರು, ಏನು ಮಾಡಿದರೂ ಮೈ ತುಂಬುತ್ತಿರಲಿಲ್ಲ. ಅದನ್ನು ಗಮನಿಸಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಡಾ. ಎಡ್ವರ್ಡ್ ಮೇಸನ್ 1966ರಲ್ಲಿ ಬೊಜ್ಜಿಗೆ ಗ್ಯಾಸ್ಟ್ರಿಕ್ ಬೈಪಾಸ್ ಆರಂಭಿಸಿದರು. ಒಂದು ಕಾಯಿಲೆಯವರ ತೊಂದರೆ ಇನ್ನೊಂದು ಕಾಯಿಲೆಯವರಿಗೆ ಔಷಧಿಯಾಯಿತು. ಅದಕ್ಕೂ ಹಿಂದೆ ಕರುಳಿನ ಬಹುಭಾಗವನ್ನೇ ಬಳಸಿ ಹೋಗುವ ಇನ್ನೊಂದು ಬೈಪಾಸ್ ಇತ್ತು. ತೂಕವೇನೋ ಧಾರಾಳವಾಗಿ ಇಳಿಯುತ್ತಿತ್ತು. ಜೊತೆಗೆ ಅಪೌಷ್ಟಿಕತೆ, ಮೂತ್ರಪಿಂಡದ ಕಲ್ಲು, ಕೆಲವರಿಗೆ ಯಕೃತ್ತಿನ ವೈಫಲ್ಯ, ಸಾವು. ಕೊನೆಗೆ ವೈದ್ಯರೇ ಅದನ್ನು ಕೈಬಿಟ್ಟರು. ಕಿಲೋ ಇಳಿದರೆ ಸಾಲದು ಎಂಬ ಪಾಠವನ್ನು ಆ ವಿದ್ಯೆ ರೋಗಿಗಳ ಜೀವ ತೆತ್ತು ಕಲಿತಿದೆ. ಕಲಿತ ಪಾಠವನ್ನು ಜಾಹೀರಾತಿನವರಿಗೆ ಕಲಿಸಲಿಲ್ಲ, ಅಷ್ಟೆ.

ಆ ಜಾಹೀರಾತುಗಳನ್ನು ನೀವೂ ನೋಡಿದ್ದೀರಿ. ಎಡಗಡೆ ಮುಖ ಸಿಂಡರಿಸಿದ ದಪ್ಪ ಹೆಂಗಸು, ಬಲಗಡೆ ಅದೇ ಹೆಂಗಸು ತನ್ನ ಹಳೆಯ ಚೂಡಿದಾರದಲ್ಲಿ ತೇಲುತ್ತಾ ನಗುತ್ತಿದ್ದಾಳೆ. ನಡುವೆ ದೊಡ್ಡ ಅಕ್ಷರದಲ್ಲಿ ಇಷ್ಟು ಕಿಲೋ. ಆಕೆಯ ಹಿಮೋಗ್ಲೋಬಿನ್ ಎಷ್ಟು? ಬಿ-12 ಎಷ್ಟು? ಎರಡು ಬಿಂದಿಗೆ ನೀರು ಎತ್ತಬಲ್ಲಳೇ? ಐದು ವರ್ಷದ ನಂತರ ಎಲ್ಲಿದ್ದಾಳೆ? ಅದು ಚಿತ್ರದಲ್ಲಿಲ್ಲ. 2025ರಲ್ಲಿ ತೂಕ ಇಳಿಸುವ ಹೊಸ ಚುಚ್ಚುಮದ್ದುಗಳು ನಮ್ಮ ದೇಶಕ್ಕೂ ಬಂದವು. ಅವುಗಳ ಸುತ್ತಲೂ ಇದೇ ಕಿಲೋ ಲೆಕ್ಕದ ಭಜನೆ ಈಗ ನಡೆದಿದೆ.

ನಾವೇನು ಕಡಿಮೆಯೇ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಭಾರತೀಯ ಹೆಂಗಸರಲ್ಲಿ ಶೇಕಡಾ 24 ಮಂದಿಗೆ ತೂಕ ಹೆಚ್ಚು, ಸುಮಾರು ಶೇಕಡಾ 19 ಮಂದಿ ತೀರ ಕೃಶ, ಶೇಕಡಾ 57 ಮಂದಿಗೆ ರಕ್ತಹೀನತೆ. ರಕ್ತವಿಲ್ಲದ ಹೆಂಗಸರು ಅರ್ಧಕ್ಕಿಂತ ಹೆಚ್ಚಿರುವ ದೇಶದಲ್ಲಿ ಕೂಲಿಯವಳ ಸೊರಗಿದ ಮೈ ಬಡತನದ ಗುರುತು, ಮೇಷ್ಟ್ರಮ್ಮನ ಸೊರಗಿದ ಮೈ ಸಾಧನೆ. ಒಂದೇ ಕೆನ್ನೆಗುಳಿಗೆ ಎರಡು ಅರ್ಥ. ಇದರ ಹಿಂದೆ ಇರುವುದು ಒಂದು ಕ್ರೂರ ನಂಬಿಕೆ. ದಪ್ಪಗಿದ್ದದ್ದು ಪಾಪ, ಇಳಿದದ್ದು ಪ್ರಾಯಶ್ಚಿತ್ತ, ಪ್ರಾಯಶ್ಚಿತ್ತ ಹೆಚ್ಚಾದರೆ ಪುಣ್ಯವೂ ಹೆಚ್ಚು.

ನನಗೆ ಎದುರು ಬರುವ ವಾದಗಳನ್ನೂ ನೋಡೋಣ. "ಇಂಥದ್ದು ಎಲ್ಲೋ ಕೆಲವರಿಗೆ ಆಗುವುದು, ಅದಕ್ಕೇಕೆ ಇಷ್ಟು ಗಲಾಟೆ?" ಐವತ್ತು ಮಕ್ಕಳ ತರಗತಿಯಲ್ಲಿ ಒಬ್ಬಳಿಗೆ ಬೋರ್ಡು ಕಾಣದಿದ್ದರೂ ಅವಳನ್ನು ಮುಂದಿನ ಬೆಂಚಿಗೆ ಕರೆಯುತ್ತೇವೆ. ಉಳಿದ ನಲವತ್ತೊಂಬತ್ತು ಮಂದಿಗೆ ಕಾಣುತ್ತಿದೆಯಲ್ಲ ಎಂದು ಸುಮ್ಮನಿರುವುದಿಲ್ಲ. ಕೆಲವರಿಗೇ ಆಗುವುದಾದರೆ ಆ ಕೆಲವರನ್ನು ಗುರುತಿಸುವುದು ಇನ್ನೂ ಸುಲಭವಾಗಬೇಕು. "ನಿಮ್ಮ ಮಾತು ಕೇಳಿ ಚಿಕಿತ್ಸೆ ಬೇಕಾದವರೂ ಹೆದರುತ್ತಾರೆ." ಹೆದರಿಸುವುದು ಸತ್ಯವಲ್ಲ, ಮುಚ್ಚಿಟ್ಟದ್ದು ಆಮೇಲೆ ಗೊತ್ತಾಗುವುದು. "ದಪ್ಪಗಿದ್ದಾಗಲೂ ಅಳುತ್ತಿದ್ದಿರಿ, ಸಣ್ಣಗಾದಾಗಲೂ ಅಳುತ್ತೀರಿ." ಹೌದು ಸ್ವಾಮಿ, ಎರಡು ಸಲವೂ ಕಾಯಿಲೆ ಬಿದ್ದವಳು ನಾನೇ. ಮೊದಲ ಸಲ ನೀವು ಬೈದಿರಿ, ಎರಡನೆಯ ಸಲ ಹೊಗಳಿದಿರಿ. ಎರಡು ಸಲವೂ ನೋಡಿದ್ದು ಮೈಯ ಗಾತ್ರವನ್ನೇ ಹೊರತು ನನ್ನನ್ನಲ್ಲ.

ಬರೀ ದೂರಿ ಮುಗಿಸುವುದು ನನ್ನ ಸ್ವಭಾವವಲ್ಲ. ಏನಾಗಬೇಕೆಂದು ಹೇಳುತ್ತೇನೆ. ಮೊದಲನೆಯದು, ಡಿಸ್ಚಾರ್ಜ್ ಕಾರ್ಡು ಕನ್ನಡದಲ್ಲಿರಬೇಕು. ಯಾವ ನೋವಿನ ಮಾತ್ರೆ ಮುಟ್ಟಬಾರದು, ಯಾವ ಜೀವಸತ್ವ ಬಿಡಬಾರದು, ಯಾವಾಗ ಓಡಿ ಬರಬೇಕು ಎಂಬುದು ಅದರ ಮೊದಲ ಪುಟದಲ್ಲೇ ಇರಬೇಕು. ಎರಡು ದಿನಕ್ಕಿಂತ ಹೆಚ್ಚು ವಾಂತಿ, ನೀರೂ ಇಳಿಯದಿರುವುದು, ಕಪ್ಪು ಮಲ, ತಡೆಯಲಾರದ ಹೊಟ್ಟೆನೋವು, ಕಾಲಿನ ಜೋಮು, ಹೇಳಿದ ತೂಕಕ್ಕೆ ಬಂದ ಮೇಲೂ ನಿಲ್ಲದ ಇಳಿತ, ಇವುಗಳಲ್ಲಿ ಯಾವುದೊಂದಕ್ಕೂ "ಖುಷಿಪಡಿ" ಎಂಬುದು ಉತ್ತರವಲ್ಲ.

ಎರಡನೆಯದು, ತೂಕದ ಪಟ್ಟಿಯಲ್ಲಿ ಮೇಲಿನ ಗೆರೆಯಂತೆ ಕೆಳಗಿನ ಗೆರೆಯೂ ಇರಬೇಕು. ಅದನ್ನು ಮುಟ್ಟುವ ಮುಂಚೆಯೇ ಆಸ್ಪತ್ರೆಯವರು ತಾವಾಗಿ ಫೋನು ಮಾಡಬೇಕು. ಹಣ ಕಟ್ಟುವ ದಿನ ನೆನಪಿಸಲು ಫೋನು ಮಾಡುವವರಿಗೆ ಇದು ಕಷ್ಟವಲ್ಲ.

ಮೂರನೆಯದು, ಊಟದ ಪಟ್ಟಿ ಬರೆಯುವವರಿಗೆ ನಮ್ಮ ಅಡುಗೆಮನೆ ಗೊತ್ತಿರಬೇಕು. ಈ ಚಿಕಿತ್ಸೆಯಾದವರಿಗೆ ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ ಇರುವುದು ಸುಮಾರು 6 ಗ್ರಾಂ, ನೂರು ಮಿಲಿಲೀಟರ್ ಹಾಲಿನಲ್ಲಿ 3, ನೂರು ಗ್ರಾಂ ಅನ್ನದಲ್ಲಿ ಮೂರಕ್ಕಿಂತ ಕಡಿಮೆ. ತಿಳಿಸಾರು ಅನ್ನ ತಿನ್ನುವ ಮನೆಯಲ್ಲಿ ಎರಡು ಚಮಚದ ಹೊಟ್ಟೆಗೆ ಈ 60ನ್ನು ಹೇಗೆ ತುಂಬಿಸುವುದು ಎಂಬುದೇ ದೊಡ್ಡ ಪ್ರಶ್ನೆ. ಸಸ್ಯಾಹಾರಿ ಎಂದು ಹೇಳಿದ್ದರೂ ನನಗೆ ಕೊಟ್ಟ ಇಂಗ್ಲಿಷ್ ಹಾಳೆಯಲ್ಲಿದ್ದದ್ದು ಕೋಳಿ ಸೂಪು, ಮೀನು, ಬ್ರಾಕೊಲಿ. ಗಟ್ಟಿ ತೊವ್ವೆಯನ್ನು ಮೊದಲು ತಿನ್ನಿ, ಅನ್ನ ಕೊನೆಗೆ, ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿ ತಿನ್ನಿ, ಕಡಲೆಹಿಟ್ಟು, ಪನೀರು, ಸೋಯಾ ಬಳಸಿ ಎಂದು ಹೇಳಲು ಒಬ್ಬರೂ ಇರಲಿಲ್ಲ.

ನಾಲ್ಕನೆಯದು, ಮುಂದಿನ ತಪಾಸಣೆಗಳು ಜಿಲ್ಲಾ ಕೇಂದ್ರದಲ್ಲೇ ಆಗುವಂತಿರಬೇಕು. ಬೆಂಗಳೂರಿನಲ್ಲಿ ಕೊಯ್ದು, ಮುನ್ನೂರು ಕಿಲೋಮೀಟರ್ ದೂರದ ಊರಿಗೆ ಕಳಿಸಿ, ವಾಂತಿಯಾದರೆ ಬಸ್ಸು ಹತ್ತಿ ಬನ್ನಿ ಎನ್ನುವುದು ವೈದ್ಯ ವೃತ್ತಿಯಲ್ಲ. ಜಿಲ್ಲೆಯ ವೈದ್ಯರಿಗೆ ಒಂದು ಪತ್ರ ಬರೆದುಕೊಡಲು ಎಷ್ಟು ಹೊತ್ತು ಬೇಕು?

ಕೊನೆಯದು ನಮ್ಮ ನಿಮ್ಮೆಲ್ಲರಿಗೆ ಸೇರಿದ್ದು. ಇದಕ್ಕೆ ಆಸ್ಪತ್ರೆಯೂ ಬೇಡ, ಸರ್ಕಾರದ ಸುತ್ತೋಲೆಯೂ ಬೇಡ. ಕನ್ನಡದವರು ಎದುರಾದಾಗ ಕೇಳುವ ಮೊದಲ ಮಾತು ತಲೆತಲಾಂತರದಿಂದ "ಊಟ ಆಯ್ತಾ?" ಎಂಬುದು. "ಎಷ್ಟು ಕಿಲೋ ಇದ್ದೀರಿ?" ಎಂಬುದು ನಮ್ಮ ಮಾತೇ ಅಲ್ಲ, ತೂಕದ ಯಂತ್ರ ಕಲಿಸಿದ ಮಾತು. ನಿಮ್ಮ ಬೀದಿಯಲ್ಲಿ, ಕಚೇರಿಯಲ್ಲಿ, ನೆಂಟರಲ್ಲಿ ಯಾವ ಹೆಂಗಸಾದರೂ ಹಠಾತ್ತನೆ ಅರ್ಧ ಮೈಯಾಗಿ ಕಂಡರೆ ದಯವಿಟ್ಟು ಅಭಿನಂದಿಸಬೇಡಿ. ಹತ್ತಿರ ಕೂತು, ಉಂಡದ್ದು ಹೊಟ್ಟೆಯಲ್ಲಿ ನಿಲ್ಲುತ್ತಿದೆಯೇ ಎಂದು ಕೇಳಿ. ಆಕೆ "ಇಲ್ಲ" ಎಂದರೆ ಅದನ್ನು ನಂಬಿ, ಮರುದಿನ ಬೆಳಿಗ್ಗೆ ಜೊತೆಗೆ ಆಸ್ಪತ್ರೆಗೆ ಹೋಗಿ.